ಹಲ್ಲುನೋವಿಗೆ ವಿಮೆಯ ಆಸರೆ ಎಷ್ಟು?

'ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ' ಎಂಬ ಗಾದೆ ನಮ್ಮಲ್ಲಿ ಹಳೆಯದು. ಬದುಕಿನ ವಿಪರ್ಯಾಸವನ್ನು ಸೂಚಿಸಲು ಹಿರಿಯರು ಆಡಿದ ಈ ಮಾತು ಪುಣೆಯ ಕನ್ನಡ ದುಡಿಮೆಗಾರನ ಪಾಲಿಗೆ ಅಕ್ಷರಶಃ ನಿಜವಾಗಿರುವುದು ವಿಷಾದದ ಸಂಗತಿ. ಮುಂಜಾನೆಯ ಇಡ್ಲಿಯಿಂದ ರಾತ್ರಿಯ ಊಟದವರೆಗೆ ಊರಿಗೆಲ್ಲ ಉಣಬಡಿಸುವ ಹೊಟೇಲು ಕಾರ್ಮಿಕನು ತಾನು ಉಣ್ಣಲು ಕುಳಿತಾಗ ಒಂದೇ ದವಡೆಯಲ್ಲಿ ಅಗಿಯುತ್ತಿರುತ್ತಾನೆ. ಕಚೇರಿಯ ಕಾರಕೂನನು ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಹಲ್ಲಿನ ಸಂದಿನಲ್ಲಿಟ್ಟುಕೊಂಡು ಲೆಕ್ಕದ ಪುಸ್ತಕ ತೆರೆಯುತ್ತಾನೆ. ಜ್ವರಕ್ಕೆ ರಜೆ ಕೇಳುವುದು ಸಹಜವೆನಿಸುತ್ತದೆ. ಹಲ್ಲುನೋವಿಗೆ ರಜೆ ಕೇಳಿದರೆ ನಗುವವರೇ ಹೆಚ್ಚು. ಹೀಗಾಗಿ ನೋವಿನ ಗುಳಿಗೆಯಲ್ಲಿ ತಿಂಗಳುಗಳು ಕಳೆದು, ಕಟ್ಟಕಡೆಗೆ ಉಳಿಸಬಹುದಾಗಿದ್ದ ಹಲ್ಲನ್ನು ಕೀಳಿಸುವುದರಲ್ಲಿ ವ್ಯವಹಾರ ಮುಗಿಯುತ್ತದೆ.

ವಿಮೆಯೆಂಬುದು ಇಂದು ನಮ್ಮ ಜನಕ್ಕೆ ಅಪರಿಚಿತವಲ್ಲ. ಅನೇಕರ ಸಂಬಳದಿಂದ ಪ್ರತಿ ತಿಂಗಳೂ ಅದಕ್ಕಾಗಿ ಹಣ ಕಡಿತವಾಗುತ್ತಿದೆ. ಕೆಲವರು ಸ್ವಂತ ಖರ್ಚಿನಿಂದ ಆರೋಗ್ಯ ಪಾಲಿಸಿ ಕೊಂಡಿದ್ದಾರೆ. ಆದರೆ ರೂಟ್ ಕೆನಾಲ್ ಮಾಡಿಸಿ ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡವನು ಬಿಲ್ಲನ್ನು ಹಿಡಿದು ವಿಮಾ ಕಂಪನಿಗೆ ಹೋದಾಗ, 'ಇದು ನಮಗೆ ಸೇರಿದ್ದಲ್ಲ' ಎಂಬ ಉತ್ತರವನ್ನೇ ಹೆಚ್ಚಾಗಿ ಕೇಳಬೇಕಾಗುತ್ತದೆ. ಈ ಉತ್ತರಕ್ಕೆ ಕಾರಣವೇನು, ಯಾವ ವಿಮೆಯಲ್ಲಿ ಹಲ್ಲಿಗೆ ನಿಜವಾದ ಆಸರೆಯುಂಟು, ಆ ಆಸರೆ ನಮ್ಮ ಕಾರ್ಮಿಕರಿಗೆ ಏಕೆ ಸಲ್ಲುತ್ತಿಲ್ಲ ಎಂಬುದನ್ನು ಇಂದು ವಾಚಕರ ಮುಂದಿಡಲು ನಾವು ಬಯಸುತ್ತೇವೆ.

ಮೊದಲು ಚಿಕಿತ್ಸೆಯ ಸ್ವರೂಪವನ್ನು ತಿಳಿಯುವುದು ಒಳ್ಳೆಯದು. ಹಲ್ಲಿನ ಗಟ್ಟಿಯಾದ ಹೊದಿಕೆಯ ಒಳಗೆ ನರಗಳೂ ರಕ್ತನಾಳಗಳೂ ಉಳ್ಳ ಮೃದುವಾದ ತಿರುಳಿದೆ. ಹುಳುಕು ಹೊದಿಕೆಯನ್ನು ಕೊರೆದು ತಿರುಳನ್ನು ಮುಟ್ಟಿದಾಗ ನಿದ್ದೆಗೆಡಿಸುವ ನೋವು ಹುಟ್ಟುತ್ತದೆ. ಕೀವು ಕಟ್ಟುವುದೂ ಉಂಟು. ರೂಟ್ ಕೆನಾಲ್ ಚಿಕಿತ್ಸೆಯಲ್ಲಿ ವೈದ್ಯರು ಕೆಟ್ಟ ತಿರುಳನ್ನು ತೆಗೆದು, ಬೇರಿನೊಳಗಿನ ನಾಳಗಳನ್ನು ತೊಳೆದು ಶುದ್ಧಗೊಳಿಸಿ, ಗಟ್ಟಾಪರ್ಚಾ ಎಂಬ ರಬ್ಬರಿನಂತಹ ಮರದಂಟನ್ನು ತುಂಬಿ ಮುಚ್ಚುವರು. ಹುಳುಕಿನಿಂದಲೂ ಚಿಕಿತ್ಸೆಯಿಂದಲೂ ಬಹುಭಾಗವನ್ನು ಕಳೆದುಕೊಂಡ ಆ ಹಲ್ಲು ಬಲಹೀನವಾಗಿರುತ್ತದೆ. ಅದು ದವಡೆಹಲ್ಲಾಗಿದ್ದರೆ ಅಗಿಯುವ ಭಾರವನ್ನು ತಾಳಲಾರದೆ ಸೀಳಬಹುದು. ಅದಕ್ಕಾಗಿಯೇ ಲೋಹದ ಅಥವಾ ಪಿಂಗಾಣಿಯ ಕ್ಯಾಪನ್ನು ಅದರ ಮೇಲೆ ಕೂಡಿಸುವರು. ರೂಟ್ ಕೆನಾಲ್ ನೋವನ್ನು ಕಳೆಯುತ್ತದೆ. ಕ್ಯಾಪು ಹಲ್ಲನ್ನು ಕಾಯುತ್ತದೆ. ನೋವು ಹೋಯಿತೆಂದು ಕ್ಯಾಪು ಹಾಕಿಸದೆ ಬಿಟ್ಟವನು ವರ್ಷದೊಳಗೆ ಹಲ್ಲು ಸೀಳಿಸಿಕೊಂಡು, ಮೊದಲು ತೆತ್ತ ಹಣವನ್ನೂ ಕಳೆದುಕೊಳ್ಳುವುದು ಅಪರೂಪವೇನಲ್ಲ.

ವೈದ್ಯಶಾಸ್ತ್ರದಲ್ಲಿ ಜೋಡಿಯಾಗಿರುವ ಈ ಎರಡು ಕೆಲಸಗಳನ್ನು ವಿಮಾಶಾಸ್ತ್ರವು ಬೇರೆ ಬೇರೆಯಾಗಿ ನೋಡುತ್ತದೆ. ಮೊದಲನೆಯದು ರೋಗದ ಚಿಕಿತ್ಸೆ, ಎರಡನೆಯದು ಕೃತಕ ಅಂಗದ ಜೋಡಣೆ ಎಂಬುದು ಅನೇಕ ಯೋಜನೆಗಳ ಎಣಿಕೆ. ಆದುದರಿಂದ 'ಹಲ್ಲಿಗೆ ವಿಮೆಯುಂಟೇ' ಎಂದು ಒಟ್ಟಾಗಿ ಕೇಳಿದವನಿಗೆ ಸರಿಯಾದ ಉತ್ತರ ದೊರೆಯುವುದಿಲ್ಲ. ಒಂದೊಂದನ್ನೂ ಬೇರೆಯಾಗಿಯೇ ಕೇಳಬೇಕು.

ಖಾಸಗಿ ಆರೋಗ್ಯ ಪಾಲಿಸಿಗಳನ್ನು ತೆಗೆದುಕೊಳ್ಳೋಣ. ವಿಮಾ ನಿಯಂತ್ರಣ ಪ್ರಾಧಿಕಾರವು ಎಲ್ಲ ಕಂಪನಿಗಳಿಗೂ ಒಂದೇ ಆಗಿರುವಂತೆ ರೂಪಿಸಿದ ಪರಿಭಾಷೆಯಲ್ಲಿ ದಂತ ಚಿಕಿತ್ಸೆಯ ಲಕ್ಷಣವನ್ನು ಹೇಳಲಾಗಿದೆ. ತಪಾಸಣೆ, ತುಂಬುವಿಕೆ, ಕ್ಯಾಪು, ಕೀಳುವಿಕೆ, ಶಸ್ತ್ರಕ್ರಿಯೆ ಎಲ್ಲವೂ ಅದರಲ್ಲಿ ಸೇರಿವೆ. ಆದರೆ ಲಕ್ಷಣ ಹೇಳಿದ ಮಾತ್ರಕ್ಕೆ ಹಣ ಕೊಡುವರೆಂದು ಅರ್ಥವಲ್ಲ. ನಮ್ಮ ದೇಶದ ಆರೋಗ್ಯ ಪಾಲಿಸಿಗಳ ಅಡಿಗಲ್ಲು ಆಸ್ಪತ್ರೆಯ ಹಾಸಿಗೆ. ಕನಿಷ್ಠ 24 ಗಂಟೆ ಒಳರೋಗಿಯಾಗಿ ಇರಬೇಕು. ಇಲ್ಲವೆ ಹಿಂದೆ ದಿನಗಟ್ಟಲೆ ಮಲಗಬೇಕಾಗಿದ್ದು ಇಂದು ಒಂದೇ ದಿನದಲ್ಲಿ ಮುಗಿಯುವ ಚಿಕಿತ್ಸೆಯಾಗಿರಬೇಕು. ಸಾಮಾನ್ಯವಾಗಿ ಹೊರರೋಗಿ ವಿಭಾಗದಲ್ಲೇ ನಡೆಯುವ ಚಿಕಿತ್ಸೆಯು ಈ ಎರಡನೆಯ ಬಗೆಗೆ ಸೇರದೆಂದು ಅದೇ ಪರಿಭಾಷೆ ಸ್ಪಷ್ಟಪಡಿಸಿದೆ. ರೂಟ್ ಕೆನಾಲ್ ಮಾಡಿಸಲು ಯಾರೂ ಹಾಸಿಗೆ ಹಿಡಿಯುವುದಿಲ್ಲ. ಕುರ್ಚಿಯ ಮೇಲೆ ಕುಳಿತು, ಎರಡು ಮೂರು ಸಲ ಬಂದು ಹೋಗಿ ಮುಗಿಸುವ ಕೆಲಸವದು. ಹೀಗೆ ಹಲ್ಲು ತಾನಾಗಿಯೇ ವಿಮೆಯ ಹೊರಗೆ ಉಳಿಯುತ್ತದೆ.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ 'ಆರೋಗ್ಯ ಸಂಜೀವಿನಿ' ಎಂಬ ಏಕರೂಪದ ಪಾಲಿಸಿಯನ್ನೇ ನೋಡಿದರೆ ವಿಷಯ ವಿಶದವಾಗುತ್ತದೆ. ರೋಗದಿಂದ ಅಥವಾ ಗಾಯದಿಂದ ಅವಶ್ಯವಾದ ದಂತ ಚಿಕಿತ್ಸೆ ಅದರಲ್ಲಿ ಸೇರಿದೆಯೆಂದು ಬರೆದಿರುವುದು ನಿಜ. ಆ ವಾಕ್ಯವನ್ನು ಮಾತ್ರ ತೋರಿಸಿ ಪಾಲಿಸಿ ಮಾರುವ ಏಜಂಟರೂ ಇರಬಹುದು. ಆದರೆ ಆ ವಾಕ್ಯವಿರುವುದು ಆಸ್ಪತ್ರೆವಾಸದ ಖರ್ಚುಗಳ ಪ್ರಕರಣದಲ್ಲಿ. ಅಪಘಾತದಲ್ಲಿ ದವಡೆ ಮುರಿದು ಆಸ್ಪತ್ರೆ ಸೇರಿದವನಿಗೆ ಅದು ಉಪಯೋಗಕ್ಕೆ ಬಂದೀತು. ಹುಳುಕು ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿಕೊಂಡವನಿಗೆ ಬರಲಾರದು.

ಸರಕಾರಿ ಯೋಜನೆಗಳ ಮಾತೂ ಹೆಚ್ಚು ಭಿನ್ನವಲ್ಲ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯು ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸೆ ಕೊಡಿಸುವ ದೊಡ್ಡ ಕಾರ್ಯ. ಹೃದಯಕ್ಕೂ ಮೂತ್ರಪಿಂಡಕ್ಕೂ ಅದರಲ್ಲಿ ಆಸರೆಯುಂಟು. ಆದರೆ ಹಲ್ಲಿನ ಕುಳಿ ತುಂಬುವುದು, ರೂಟ್ ಕೆನಾಲ್, ಹಲ್ಲಿನ ಸವೆತ, ವಸಡಿನ ರೋಗ ಇವುಗಳನ್ನು ಅದು ಹೆಸರು ಹೇಳಿಯೇ ಹೊರಗಿಟ್ಟಿದೆ. ಆ ಕಾರ್ಡನ್ನು ನಂಬಿ ಹಲ್ಲಿನ ವೈದ್ಯರ ಬಳಿಗೆ ಹೋಗುವ ಬಂಧುಗಳು ನಿರಾಶರಾಗದಿರಲೆಂದು ಇದನ್ನು ತಿಳಿಸುತ್ತಿದ್ದೇವೆ.

ವಿಮಾ ಕಂಪನಿಗಳ ಈ ಬಿಗಿಗೆ ಕಾರಣವಿಲ್ಲದಿಲ್ಲ. ಮನೆಗೆ ಬೆಂಕಿ ಬೀಳುವುದು ಸಾವಿರಕ್ಕೊಬ್ಬರಿಗೆ. ಹಲ್ಲು ಹುಳುಕಾಗುವುದು ಬಹುತೇಕ ಎಲ್ಲರಿಗೂ. ಅಲ್ಲದೆ ನೋವು ಹುಟ್ಟಿದ ಮೇಲೆಯೇ ಪಾಲಿಸಿ ಕೊಳ್ಳುವವರು ಹೆಚ್ಚಾದರೆ ಲೆಕ್ಕ ತಲೆಕೆಳಗಾಗುತ್ತದೆ. ಹಾಗಾಗಿ ಹೊರರೋಗಿ ದಂತ ಚಿಕಿತ್ಸೆಯನ್ನು ಒಳಗೊಂಡ ವಿಶೇಷ ಪಾಲಿಸಿಗಳಲ್ಲಿಯೂ ಕಾಯುವ ಅವಧಿ, ವಾರ್ಷಿಕ ಮಿತಿ, ಪಾಲುಗಾರಿಕೆ ಎಂಬ ಬೇಲಿಗಳಿರುತ್ತವೆ. ಖಾಸಗಿ ಕಚೇರಿಗಳಲ್ಲಿ ದುಡಿಯುವ ನಮ್ಮ ಗುಮಾಸ್ತ ಮಿತ್ರರಿಗೆ ಕಚೇರಿಯ ವತಿಯಿಂದ ಸಾಮೂಹಿಕ ಪಾಲಿಸಿ ಇರುವುದುಂಟು. ಅಂಥವರು ನಾಲ್ಕು ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೇಳಿ, ಬರವಣಿಗೆಯಲ್ಲಿಯೇ ಉತ್ತರ ಪಡೆಯಬೇಕು. ಹೊರರೋಗಿ ಚಿಕಿತ್ಸೆಗೆ ಹಣವುಂಟೇ? ಉಂಟಾದರೆ ಹಲ್ಲಿಗೆ ವರ್ಷಕ್ಕೆ ಎಷ್ಟು? ರೂಟ್ ಕೆನಾಲಿಗೂ ಕ್ಯಾಪಿಗೂ ಬೇರೆ ಬೇರೆ ನಿಯಮವೇ? ಎಷ್ಟು ಕಾಲ ಕಾಯಬೇಕು? ಈ ನಾಲ್ಕಕ್ಕೆ ಉತ್ತರ ದೊರೆಯುವ ಮುನ್ನ ಚಿಕಿತ್ಸೆಗೆ ಒಪ್ಪುವುದು, ದರ ಕೇಳದೆ ಊಟಕ್ಕೆ ಕುಳಿತಂತೆ.

ಕೇಂದ್ರ ಸರಕಾರದ ಕಚೇರಿಗಳಲ್ಲಿರುವ ಕಾರಕೂನರ ಸ್ಥಿತಿ ಸ್ವಲ್ಪ ಉತ್ತಮ. ಅವರಿಗೆ ಅನ್ವಯಿಸುವ ವೈದ್ಯಕೀಯ ನಿಯಮಗಳಲ್ಲಿ ಹಲ್ಲು ಕೀಳುವುದು, ತುಂಬುವುದು, ವಸಡಿನ ಚಿಕಿತ್ಸೆ ಮತ್ತು ರೂಟ್ ಕೆನಾಲ್ ಒಪ್ಪಿತವಾಗಿವೆ. ಕ್ಯಾಪಿನ ವಿಷಯವನ್ನು ಮಾತ್ರ ಅವರೂ ಮುಂಚಿತವಾಗಿ ವಿಚಾರಿಸತಕ್ಕದ್ದು.

ಪಾಲಿಸಿಯ ಸಾರವನ್ನು ಸರಳವಾಗಿ ತಿಳಿಸುವ ಒಂದು ಪತ್ರವನ್ನು ಕಂಪನಿ ಕೊಡಲೇಬೇಕೆಂಬ ನಿಯಮವಿದೆ; ಪಾಲಿಸಿದಾರನು ಬಯಸಿದರೆ ಅದನ್ನು ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂದೂ ಇದೆ. ಹೊಸ ಪಾಲಿಸಿ ಕೈಸೇರಿದ 30 ದಿನಗಳೊಳಗೆ ಅದು ಬೇಡವೆಂದು ಹಿಂದಿರುಗಿಸುವ ಅಧಿಕಾರವೂ ಇದೆ. ನ್ಯಾಯವಾದ ಹಕ್ಕುಕೇಳಿಕೆಯನ್ನು ಕಂಪನಿ ನಿರಾಕರಿಸಿದರೆ, ಅಥವಾ ದೂರು ಕೊಟ್ಟು ತಿಂಗಳಾದರೂ ಉತ್ತರಿಸದಿದ್ದರೆ, ನಮ್ಮ ಊರಿನಲ್ಲಿಯೇ, ನಾರಾಯಣ ಪೇಟೆಯಲ್ಲಿ, ವಿಮಾ ಓಂಬುಡ್ಸ್‌ಮನ್ ಅವರ ಕಚೇರಿಯಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ. ನಿರಾಕರಣೆಯಾದ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು, ಅಷ್ಟೆ.

ಇಷ್ಟು ಹೇಳಿದ ಮೇಲೆ ಹೊಟೇಲು ಕಾರ್ಮಿಕರ ಕಡೆಗೆ ತಿರುಗುತ್ತೇವೆ. ಖಾಸಗಿ ಪಾಲಿಸಿಯನ್ನು ಕೊಳ್ಳುವ ಶಕ್ತಿ ಅವರಲ್ಲಿ ಬಹುಮಂದಿಗೆ ಇಲ್ಲ. ಆದರೆ ಹಾಸಿಗೆಯ ಷರತ್ತಿಲ್ಲದ, ಹೊರರೋಗಿಗೂ ಬಾಗಿಲು ತೆರೆದಿರುವ ಒಂದೇ ಒಂದು ದೊಡ್ಡ ವಿಮೆ ಈ ದೇಶದಲ್ಲಿ ಇರುವುದು ಅವರಿಗಾಗಿಯೇ. ಅದು ಕಾರ್ಮಿಕ ರಾಜ್ಯ ವಿಮೆ, ನಮ್ಮ ಜನರು ಇ.ಎಸ್.ಐ. ಎಂದು ಕರೆಯುವ ಯೋಜನೆ. 1948ರ ಕಾಯ್ದೆಯಿಂದ ಹುಟ್ಟಿ, 1952ರ ಫೆಬ್ರವರಿ 24ರಂದು ಕಾನಪುರದಲ್ಲಿ ನೆಹರೂ ಅವರಿಂದ ಉದ್ಘಾಟನೆಗೊಂಡ ಈ ಯೋಜನೆಯು, 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯ ಅಂಗವಾಗಿ ಮುಂದುವರಿದಿದೆ. ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅದು ಅನ್ವಯಿಸುತ್ತದೆ. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಮಾಲಕರೂ ನೌಕರರೂ ಒಪ್ಪಿದಲ್ಲಿ ಸ್ವಇಚ್ಛೆಯಿಂದ ಸೇರಬಹುದು. ಸಂಬಳದ ಮಿತಿಯನ್ನು 2017ರ ಜನವರಿ 1ರಿಂದ ತಿಂಗಳಿಗೆ ರೂ. 21,000 ಎಂದು ನಿಗದಿಪಡಿಸಲಾಯಿತು.

ಇದರ ಲೆಕ್ಕವನ್ನು ಗಮನಿಸಿರಿ. 2019ರ ಜುಲೈ 1ರಿಂದ ನೌಕರನ ವಂತಿಗೆ ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲಕನದು ಮೂರೂಕಾಲು ರೂಪಾಯಿ. ತಿಂಗಳಿಗೆ ರೂ. 16,000 ಸಂಬಳವಿರುವ ಅಡಿಗೆಯವನ ಪಾಲು ರೂ. 120; ಮಾಲಕನ ಪಾಲು ರೂ. 520. ಇಬ್ಬರದೂ ಸೇರಿ ವರ್ಷಕ್ಕೆ ರೂ. 7,680 ಆಗುತ್ತದೆ. ಇಷ್ಟು ಹಣ ಒಬ್ಬ ಕಾರ್ಮಿಕನ ಹೆಸರಿನಲ್ಲಿ ಸಲ್ಲುತ್ತಿರುವಾಗ, ಅವನು ಹಲ್ಲುನೋವಿಗೆಂದು ಬಡ್ಡಿಯ ಸಾಲ ಮಾಡುವುದು ಎಂತಹ ವಿಪರೀತ!

ಈ ಯೋಜನೆಯಲ್ಲಿ ವೈದ್ಯಕೀಯ ಸೌಲಭ್ಯವು ಕೆಲಸಕ್ಕೆ ಸೇರಿದ ದಿನದಿಂದಲೇ ನೌಕರನಿಗೂ ಅವನ ಕುಟುಂಬಕ್ಕೂ ದೊರೆಯುತ್ತದೆ. ಹಳೆಯ ರೋಗವೆಂದು ದೂರವಿಡುವ ಪದ್ಧತಿಯಿಲ್ಲ. ಚಿಕಿತ್ಸೆಯು ಮೊದಲು ಹೆಸರು ನೋಂದಾಯಿಸಿದ ಔಷಧಾಲಯದಲ್ಲಿ. ಅಲ್ಲಿ ಆಗದ್ದಕ್ಕೆ ಚೀಟಿ ಪಡೆದು ದೊಡ್ಡ ಆಸ್ಪತ್ರೆಯಲ್ಲಿ. ನಮ್ಮ ಭಾಗಕ್ಕೆ ಚಿಂಚವಡದ ಮೋಹನನಗರದಲ್ಲಿ ಇ.ಎಸ್.ಐ. ಆಸ್ಪತ್ರೆಯಿದೆ, ನಿಗಮದ ಉಪಪ್ರಾದೇಶಿಕ ಕಚೇರಿ ಬಿಬವೇವಾಡಿಯಲ್ಲಿದೆ. ದಂತ ಚಿಕಿತ್ಸೆ ಈ ಯೋಜನೆಗೆ ಹೊರಗಿನದಲ್ಲ. ಕಲಬುರಗಿಯಲ್ಲಿ ಇದೇ ನಿಗಮವು ಒಂದು ದಂತ ಮಹಾವಿದ್ಯಾಲಯವನ್ನೇ ನಡೆಸುತ್ತಿದೆಯೆಂಬುದು ನಮ್ಮ ಓದುಗರಲ್ಲಿ ಎಷ್ಟು ಮಂದಿಗೆ ಗೊತ್ತು? ಹೆಂಡತಿ ಮಕ್ಕಳನ್ನು ಕುಂದಾಪುರದಲ್ಲಿಯೋ ಕಾರ್ಕಳದಲ್ಲಿಯೋ ವಿಜಯಪುರದಲ್ಲಿಯೋ ಬಿಟ್ಟು ಬಂದವರು ಕುಟುಂಬಕ್ಕಾಗಿ ಆ ಕಡೆಯ ಔಷಧಾಲಯವನ್ನು ಬೇರೆಯಾಗಿ ನಮೂದಿಸಲು ನೋಂದಣಿಯಲ್ಲಿಯೇ ಅವಕಾಶವಿದೆ.

ಕೃತಕ ಹಲ್ಲುಗಳ ವಿಷಯದಲ್ಲಿ ಯೋಜನೆಯ ನಿಯಮವು ಕಟ್ಟುನಿಟ್ಟಾದುದು. ಕೆಲಸದ ನಡುವೆ ಆದ ಗಾಯದಿಂದ ಹಲ್ಲು ಹೋದರೆ ಕೃತಕ ಹಲ್ಲನ್ನು ಕಟ್ಟಿಸಿಕೊಡುವ ಏರ್ಪಾಡುಂಟು. ಒದ್ದೆಯಾದ ಅಡಿಗೆಮನೆಯ ನೆಲದಲ್ಲಿ ಜಾರಿ ಬೀಳುವುದು, ಹಿಟ್ಟಿನ ಪಾತ್ರೆ ಎತ್ತುವಾಗ ಬಾಯಿಗೆ ಪೆಟ್ಟು ತಗಲುವುದು ಹೊಟೇಲಿನಲ್ಲಿ ನಿತ್ಯದ ಮಾತು. ಅಂತಹ ಗಾಯವನ್ನು ಆ ದಿನವೇ ಅಪಘಾತದ ಪುಸ್ತಕದಲ್ಲಿ ಬರೆಯಿಸದೆ ಹೋದರೆ ಮುಂದೆ ಅದು ಕೆಲಸದ ಗಾಯವೆಂದು ಸಾಧಿಸುವುದು ಕಷ್ಟ. ಹುಳುಕಿನಿಂದ ರೂಟ್ ಕೆನಾಲ್ ಆಗಬೇಕಾದವನು ಚಿಕಿತ್ಸೆ ಆರಂಭವಾಗುವ ದಿನವೇ, 'ಕ್ಯಾಪು ಇಲ್ಲಿಯೇ ಆಗುವುದೇ, ಹೊರಗೆ ಹಾಕಿಸಬೇಕೇ, ಹೊರಗಾದರೆ ಹಣ ಯಾರದು' ಎಂದು ವೈದ್ಯಾಧಿಕಾರಿಗಳನ್ನು ಕೇಳತಕ್ಕದ್ದು. ಕ್ಯಾಪಿನ ಖರ್ಚು ಸ್ವಂತದ್ದೇ ಆದರೂ, ರೂಟ್ ಕೆನಾಲಿನ ಖರ್ಚು ಉಳಿದುದು ಅರ್ಧ ಹೊರೆ ಇಳಿದಂತೆಯೇ ಸರಿ.

ಹೀಗಿದ್ದೂ ನಮ್ಮ ಕಾರ್ಮಿಕರು ಈ ಬಾಗಿಲನ್ನು ತಟ್ಟದಿರುವುದಕ್ಕೆ ಕಾರಣಗಳೇನು? 'ದೇವರು ವರ ಕೊಟ್ಟರೂ ಪೂಜಾರಿ ಕೊಡ' ಎಂಬುದು ಮೊದಲನೆಯದು. ಕೆಲವೆಡೆ ಹತ್ತಕ್ಕಿಂತ ಹೆಚ್ಚು ಮಂದಿ ದುಡಿಯುತ್ತಿದ್ದರೂ ಪುಸ್ತಕದಲ್ಲಿ ಏಳು ಎಂಟು ಹೆಸರು ಮಾತ್ರ ಕಾಣುತ್ತವೆ. ಕೆಲವೆಡೆ ಹೆಸರಿದ್ದರೂ ಕಾರ್ಡು ಗಲ್ಲೆಯ ಪೆಟ್ಟಿಗೆಯಲ್ಲಿಯೇ ಉಳಿಯುತ್ತದೆ. ಕಾರ್ಮಿಕನಿಗೆ ತನ್ನ ವಿಮಾ ಸಂಖ್ಯೆಯೇ ತಿಳಿಯದು. ಎರಡನೆಯ ಕಾರಣ ಸಮಯ. ಹೊಟೇಲಿನವನ ದಿನವು ಬೆಳಗಿನ ಐದಕ್ಕೆ ಆರಂಭವಾಗಿ ರಾತ್ರಿಯವರೆಗೆ ಸಾಗುತ್ತದೆ. ಔಷಧಾಲಯ ತೆರೆದಿರುವ ಹೊತ್ತೇ ಗಿರಾಕಿಗಳು ತುಂಬಿರುವ ಹೊತ್ತು. ಚೀಟಿಗೊಂದು ದಿನ, ತಪಾಸಣೆಗೊಂದು ದಿನ, ಚಿಕಿತ್ಸೆಗೆ ಮತ್ತೆರಡು ದಿನ ಎಂದಾಗ ಅವನು ಬೇಸತ್ತು, ಪಕ್ಕದ ದವಾಖಾನೆಯಲ್ಲಿ ಹಲ್ಲು ಕೀಳಿಸಿಕೊಳ್ಳುತ್ತಾನೆ. ಔಷಧಾಲಯಗಳಲ್ಲಿ ಕಾಯುವಿಕೆ ಹೆಚ್ಚೆಂಬ ದೂರಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಬಳಸುವವರಿಲ್ಲದ ಸೇವೆ ಸುಧಾರಿಸಿದ್ದನ್ನು ನಾವು ಎಲ್ಲಿಯೂ ಕಂಡಿಲ್ಲ.

ಇತರ ದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ಬ್ರಿಟನ್ನಿನಲ್ಲಿ 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗ ಹಲ್ಲಿನ ಚಿಕಿತ್ಸೆಯೂ ಉಚಿತವಾಗಿತ್ತು. ಜನರು ಮುಗಿಬಿದ್ದರು, ಖರ್ಚು ಏರಿತು. 1951ರಲ್ಲಿ ಕೃತಕ ಹಲ್ಲುಗಳಿಗೂ ಕನ್ನಡಕಗಳಿಗೂ ಶುಲ್ಕ ವಿಧಿಸಲು ಹೊರಟಾಗ, ಆ ಸೇವೆಯನ್ನು ಕಟ್ಟಿದ ಅನ್ಯೂರಿನ್ ಬೆವನ್ ಅವರು ಮಂತ್ರಿಪದವಿಯನ್ನೇ ತ್ಯಜಿಸಿದರು. ಇಂದು ಇಂಗ್ಲೆಂಡಿನಲ್ಲಿ ಆ ಸೇವೆಯಡಿ ರೂಟ್ ಕೆನಾಲಿಗೆ ಒಂದು ದರ್ಜೆಯ ಶುಲ್ಕ, ಕ್ಯಾಪಿಗೆ ಅದಕ್ಕಿಂತ ಮೇಲಿನ ದರ್ಜೆಯ ಶುಲ್ಕ. ಅಮೆರಿಕದಲ್ಲಿ ಹಲ್ಲಿನ ವಿಮೆಗೆ ಬೀಜ ಬಿತ್ತಿದವರು ಶ್ರೀಮಂತರಲ್ಲ, ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಮೂಟೆ ಹೊರುತ್ತಿದ್ದ ಕೂಲಿಕಾರರು. 1954ರಲ್ಲಿ ಅವರ ಸಂಘವು ತಮ್ಮ ಮಕ್ಕಳ ಹಲ್ಲಿನ ಚಿಕಿತ್ಸೆಗಾಗಿ ದಂತವೈದ್ಯರ ಮಂಡಲಗಳೊಡನೆ ಒಪ್ಪಂದಕ್ಕೆ ಮುಂದಾಯಿತು. ಅದರಿಂದ ಇಂದಿನ ದೊಡ್ಡ ದೊಡ್ಡ ದಂತ ವಿಮಾ ಸಂಸ್ಥೆಗಳು ಬೆಳೆದುವು. ಮೂಟೆ ಹೊರುವವರು ಒಟ್ಟುಗೂಡಿ ಪಡೆದುದನ್ನು ತಟ್ಟೆ ಹೊರುವವರು ಪಡೆಯಬಾರದೇಕೆ?

ನಮ್ಮ ಹೊಟೇಲು ಮಾಲಕರಲ್ಲಿ ಎರಡು ಮಾತು ವಿನಂತಿಸುತ್ತೇವೆ. ಅವರಲ್ಲಿ ಅನೇಕರು ಒಂದು ಕಾಲಕ್ಕೆ ತಾವೇ ಲೋಟ ತೊಳೆದು, ತಟ್ಟೆ ಎತ್ತಿ ಮೇಲೆ ಬಂದವರು. ಕೆಲಸಗಾರನ ಕಷ್ಟ ಅವರಿಗೆ ಹೊಸದಲ್ಲ. ಮಾಲಕನ ವಂತಿಗೆಯನ್ನು ನೌಕರನ ಸಂಬಳದಿಂದ ಕಳೆಯುವುದು ಕಾನೂನಿಗೆ ವಿರುದ್ಧ. ನೌಕರನಿಂದ ಕಳೆದ ಹಣವನ್ನು ಕಟ್ಟದಿರುವುದು ಶಿಕ್ಷಾರ್ಹ ಅಪರಾಧ. ಆದರೆ ನಾವು ಕಾನೂನಿನ ಭಯವನ್ನು ಮಾತ್ರ ತೋರಿಸಲು ಇಚ್ಛಿಸುವುದಿಲ್ಲ. ಎಲ್ಲ ಕೆಲಸಗಾರರ ಹೆಸರನ್ನು ನೋಂದಾಯಿಸಿ, ಕಾರ್ಡನ್ನು ಅವರ ಕೈಗೆ ಕೊಟ್ಟು, ಚಿಕಿತ್ಸೆಯ ದಿನ ಅರ್ಧ ದಿನದ ಸಂಬಳ ಹಿಡಿಯದೆ ಕಳುಹಿಸಿದರೆ ಮಾಲಕನಿಗಾಗುವ ನಷ್ಟ ಅತ್ಯಲ್ಪ. ವಾರಗಟ್ಟಲೆ ನೋವು ತಿನ್ನುತ್ತ, ಗಿರಾಕಿಯ ಮೇಲೆ ಸಿಡುಕುತ್ತ ದುಡಿಯುವವನಿಂದ ಆಗುವ ನಷ್ಟ ಅದಕ್ಕಿಂತ ಹೆಚ್ಚು.

ಕನ್ನಡ ಸಂಘಗಳಿಗೂ ಜಾತಿಬಾಂಧವರ ಸಂಸ್ಥೆಗಳಿಗೂ ಇಲ್ಲಿ ಮಾಡಬಹುದಾದ ಕೆಲಸವುಂಟು. ಹಬ್ಬಗಳಿಗೂ ಸನ್ಮಾನಗಳಿಗೂ ನಡುವೆ ವರ್ಷಕ್ಕೊಂದು ದಿನ ಇ.ಎಸ್.ಐ. ಕಾಗದಪತ್ರಗಳನ್ನು ಸರಿಪಡಿಸುವ ಶಿಬಿರವೇಕಾಗಬಾರದು? ಅರ್ಜಿ ತುಂಬಬಲ್ಲ ಗುಮಾಸ್ತರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅರ್ಜಿ ಬೇಕಾದ ಹೊಟೇಲು ಕಾರ್ಮಿಕರೂ ಇದ್ದಾರೆ. ಒಂದೇ ಊರಿನ ಇವರಿಬ್ಬರನ್ನು ಒಂದು ಮೇಜಿನ ಎರಡು ಬದಿಗೆ ಕೂಡಿಸುವುದಷ್ಟೇ ಬಾಕಿ. ಯಾವ ವಿಮೆಯೂ ಇಲ್ಲದವರಿಗೆ ಪುಣೆಯ ದಂತ ಮಹಾವಿದ್ಯಾಲಯಗಳ ಹಾದಿಯನ್ನಾದರೂ ತೋರಿಸಬಹುದು. ಅಲ್ಲಿ ಅಧ್ಯಾಪಕರ ಕಣ್ಣೆದುರು ವಿದ್ಯಾರ್ಥಿಗಳು ಮಾಡುವ ಚಿಕಿತ್ಸೆಗೆ ಸಮಯ ಹೆಚ್ಚು ಹಿಡಿದರೂ ಹಣ ಕಡಿಮೆ ಸಾಕಾಗುತ್ತದೆ. ಸಸೂನ್ ಆಸ್ಪತ್ರೆಯ ಬಾಗಿಲೂ ಬಡವರಿಗೆ ತೆರೆದಿದೆ.

ಕೊನೆಯದಾಗಿ ಕಾರ್ಮಿಕ ಬಂಧುಗಳಿಗೆ ಒಂದು ಮಾತು. ತಣ್ಣೀರು ಝುಮ್ಮೆಂದಾಗಲೇ ವೈದ್ಯರಿಗೆ ತೋರಿಸಿದರೆ ಬರಿಯ ತುಂಬುವಿಕೆಯಲ್ಲಿ ಮುಗಿಯುತ್ತದೆ. ರೂಟ್ ಕೆನಾಲೂ ಬೇಡ, ಕ್ಯಾಪೂ ಬೇಡ. ಗಳಿಗೆಗೊಮ್ಮೆ ಸಕ್ಕರೆಯ ಚಹ, ಬಾಯಲ್ಲಿ ತಂಬಾಕು, ಹಲ್ಲುಜ್ಜದೆ ಮಲಗುವ ಅಭ್ಯಾಸ ಇವುಗಳಿಗೆ ಯಾವ ವಿಮೆಯೂ ಪರಿಹಾರ ಕೊಡಲಾರದು. ಹಾಸಿಗೆಯನ್ನು ನೋಡಿ ಹಣ ಕೊಡುವ ಪಾಲಿಸಿಯು ಹಲ್ಲಿಗೆ ಆಗದು. ಹಲ್ಲಿಗೆ ಆಗುವ ವಿಮೆ ನಿಮ್ಮ ಸಂಬಳದ ಚೀಟಿಯಲ್ಲಿ ಪ್ರತಿ ತಿಂಗಳೂ ಕಾಣುತ್ತಿದೆ, ಕಾಣದಿದ್ದರೆ ಕಾಣಬೇಕಾಗಿದೆ. ಈ ವಾರವೇ ನಿಮ್ಮ ವಿಮಾ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ಕೇಳುವುದು ಬೇಡುವುದಲ್ಲ, ಅದಕ್ಕೆ ನೀವು ಹಣ ತೆತ್ತಿದ್ದೀರಿ.